ಗ್ರೋಟೆ ವಾರ್ಡ್ ಮುಳುಗಿದ್ದು ಹೇಗೆ

ತಮ್ಮ: ಅಕ್ಕಾ, ನೀನು ಕಳಿಸಿದ ಟಿಪ್ಪಣಿ ಓದಿದೆ. 1421ರ ನವೆಂಬರ್ 18ರ ರಾತ್ರಿ ದಕ್ಷಿಣ ಹಾಲೆಂಡಿನಲ್ಲಿ ಒಡ್ಡು ಒಡೆದು ಗ್ರೋಟೆ ವಾರ್ಡ್ ಅನ್ನೋ ಇಡೀ ಸೀಮೆ ನೀರುಪಾಲಾಯ್ತು, ಅದಕ್ಕೆ ಅಂತರ್ಯುದ್ಧವೇ ಕಾರಣ ಅಂತ ಬರೆದಿದ್ದೀಯ. ನನಗೆ ಒಪ್ಪಿಗೆ ಆಗಲಿಲ್ಲ. ಬಿರುಗಾಳಿ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಆ ನೆಲವೇ ಮುಳುಗೋ ನೆಲ. ದೊರೆಗಳು ಜಗಳ ಆಡದೆ ಇದ್ದಿದ್ದರೂ ಅದು ಮುಳುಗ್ತಿತ್ತು.

ಅಕ್ಕ: ಮುಳುಗೋ ನೆಲ ಅಂದೆಯಲ್ಲ, ಅದು ಹುಟ್ಟಿನಿಂದ ಹಾಗಿರಲಿಲ್ಲ ಕಣೋ. ಅದನ್ನ ನೀನೇ ಮೊದಲು ಹೇಳು. ಮಣ್ಣಿನ ಕೆಲಸ ಮಾಡಿದವನು ನೀನು.

ತಮ್ಮ: ಸಾವಿರ ವರ್ಷದ ಹಿಂದೆ ಅಲ್ಲಿದ್ದದ್ದು ಪೀಟ್ ಜೌಗು. ಸತ್ತ ಪಾಚಿ, ಜೊಂಡು, ಬೇರು ಎಲ್ಲ ನೀರಿನೊಳಗೆ ಗಾಳಿ ಸಿಗದೆ, ಪೂರ್ತಿ ಕೊಳೆಯದೆ, ಪದರದ ಮೇಲೆ ಪದರ ಕೂತು ಆದ ನೆಲ. ಎಷ್ಟೋ ಕಡೆ ಅದು ಸಮುದ್ರಮಟ್ಟಕ್ಕಿಂತ ಕೆಲವು ಮೀಟರ್ ಎತ್ತರಕ್ಕೆ ಉಬ್ಬಿಕೊಂಡಿತ್ತು. ಒಡ್ಡಿನ ಅಗತ್ಯವೇ ಇರಲಿಲ್ಲ. ಹತ್ತು, ಹನ್ನೊಂದನೇ ಶತಮಾನದಿಂದ ಜನ ಅಲ್ಲಿಗೆ ಬಂದು ಬಸಿಗಾಲುವೆ ತೋಡಿದರು. ಹಾಲೆಂಡಿನ ಕೌಂಟ್, ಉಟ್ರೆಕ್ಟಿನ ಬಿಷಪ್ ಇಬ್ಬರೂ ಒಕ್ಕಲುಗಳಿಗೆ ನೆಲವನ್ನ ಪಟ್ಟಿಪಟ್ಟಿಯಾಗಿ ಅಳೆದು ಕೊಟ್ಟರು. ಒಂದೊಂದು ಪಟ್ಟಿ ಸುಮಾರು 110 ಮೀಟರ್ ಅಗಲ, 1,250 ಮೀಟರ್ ಉದ್ದ ಇರ್ತಿತ್ತು. ನೀರು ಬಸಿದು ಹೋಯ್ತು, ಧಾನ್ಯ ಬಿತ್ತಿದರು, ಊರು ಕಟ್ಟಿದರು. ಆದರೆ ನೀರು ಬಿಟ್ಟುಹೋದ ಜಾಗಕ್ಕೆ ಗಾಳಿ ಬಂತು. ಗಾಳಿ ತಾಗಿದ ಕೂಡಲೆ ಪೀಟ್ ಕೊಳೆಯೋಕೆ ಶುರುವಾಗುತ್ತೆ. ನಮ್ಮ ಮನೆ ಹಿತ್ತಲಿನ ತಿಪ್ಪೆಗುಂಡಿ ತಿಂಗಳು ಕಳೆದ ಹಾಗೆ ಕುಗ್ಗುತ್ತಿತ್ತಲ್ಲ, ಹಾಗೆ ಇಡೀ ಸೀಮೆಯೇ ಕುಗ್ಗುತ್ತಾ ಬಂತು. ಕುಗ್ಗಿದ ಹೊಲದಲ್ಲಿ ಮತ್ತೆ ನೀರು ನಿಂತಿತು ಅಂತ ಕಾಲುವೆಯನ್ನ ಇನ್ನೂ ಆಳ ಮಾಡಿದರು. ಆಳ ಮಾಡಿದಷ್ಟೂ ಇನ್ನಷ್ಟು ಕುಗ್ಗಿತು. ಕೊನೆಗೆ ಹೊಲ ನದಿಗಿಂತ ಕೆಳಗಾಯ್ತು. ಆಗ ಒಡ್ಡು ಬೇಕಾಯ್ತು. ಒಡ್ಡು ಬಂದ ಮೇಲೆ ತೂಬು, ತೂಬು ಸಾಲದೆ ಹೋದಾಗ ಗಾಳಿಯಂತ್ರ. ಗಾಳಿಯಂತ್ರದಿಂದ ನೀರೆತ್ತುವ ಕೆಲಸ 1408ರ ಹೊತ್ತಿಗೆ ಆಲ್ಕ್‌ಮಾರ್ ಹತ್ತಿರ ಶುರುವಾಗಿತ್ತು.

ಅಕ್ಕ: ಅಂದರೆ ಅನ್ನಕ್ಕೋಸ್ಕರ ಮಾಡಿದ ಕೆಲಸವೇ ನೆಲವನ್ನ ಇಳಿಸಿತು. ಯಾರ ದುರಾಸೆಯೂ ಅಲ್ಲ ಅದು. ಮೊದಲ ತಲೆಮಾರಿನ ಒಕ್ಕಲಿಗ ತನ್ನ ಮೊಮ್ಮಗನ ಕಾಲಕ್ಕೆ ಹೊಲ ಎಷ್ಟು ಇಳಿದಿರುತ್ತೆ ಅಂತ ಹೇಗೆ ತಾನೆ ಅಂದಾಜು ಮಾಡಿಯಾನು?

ತಮ್ಮ: ದುರಾಸೆಯೂ ಇತ್ತು, ಅದು ಉಪ್ಪಿನ ವಿಷಯದಲ್ಲಿ. ಪೀಟ್ ಒಣಗಿಸಿದರೆ ಉರುವಲು. ಸಮುದ್ರದ ನೀರು ಕುಡಿದ ಪೀಟ್ ಆದರೆ ಅದನ್ನ ಸುಟ್ಟು, ಬೂದಿಯನ್ನ ಉಪ್ಪುನೀರಲ್ಲಿ ಕದಡಿ, ಸೋಸಿ ಕುದಿಸಿದರೆ ಉಪ್ಪು. ಹೆರಿಂಗ್ ಮೀನು ಕೆಡದೆ ಉಳಿಯಬೇಕಾದರೆ ಉಪ್ಪು ಬೇಕು, ಉಪ್ಪಿಗೆ ಒಳ್ಳೆ ಬೆಲೆ. ಹಾಗಾಗಿ ಒಡ್ಡಿನ ಮಗ್ಗುಲಲ್ಲೇ ಅಗೆದರು. ಅಲ್ಲಿ ಅಗೆಯಬೇಡಿ ಅಂತ ಅಧಿಕಾರಿಗಳು ಮತ್ತೆ ಮತ್ತೆ ಆಜ್ಞೆ ಹೊರಡಿಸಿದರು. ಒಂದು ಆಜ್ಞೆಯನ್ನ ಮತ್ತೆ ಮತ್ತೆ ಹೊರಡಿಸಬೇಕಾಯ್ತು ಅಂದರೆ ಅದನ್ನ ಯಾರೂ ಪಾಲಿಸಲಿಲ್ಲ ಅಂತಲೇ ಅರ್ಥ. ಅಡಿಯಲ್ಲಿ ಮೆದು ಪೀಟ್, ಮಗ್ಗುಲಲ್ಲಿ ಅಗೆದ ಗುಂಡಿ, ಮೇಲೆ ಮಣ್ಣಿನ ಒಡ್ಡು. ಯಾವ ಎಂಜಿನಿಯರ್ ಆದರೂ ಆ ಚಿತ್ರ ನೋಡಿ ತಲೆ ಮೇಲೆ ಕೈ ಹೊತ್ತುಕೊಳ್ತಾನೆ.

ಅಕ್ಕ: ಹಾಗಿದ್ದೂ ಅದು ನಿಂತಿತ್ತಲ್ಲ, ಒಂದೂವರೆ ಶತಮಾನದ ಹತ್ತಿರ ಹತ್ತಿರ! ಹದಿಮೂರನೇ ಶತಮಾನದ ಕೊನೆಯ ಭಾಗದಲ್ಲಿ ಮಾಸ್ ನದಿಯ ಹಳೆಯ ಪಾತ್ರಕ್ಕೆ ಮಾಸ್‌ಡಾಮ್ ಹತ್ತಿರ, ಹ್ಯೂಸ್ಡನ್ ಹತ್ತಿರ ಅಡ್ಡಗಟ್ಟೆ ಹಾಕಿ, ಸುತ್ತ ಒಡ್ಡು ಕಟ್ಟಿ ಗ್ರೋಟೆ ವಾರ್ಡನ್ನ ಒಂದೇ ಆವರಣ ಮಾಡಿದರು. ಪಶ್ಚಿಮದಲ್ಲಿ ಡೋರ್ಡ್ರೆಕ್ಟ್, ಪೂರ್ವದಲ್ಲಿ ಹ್ಯೂಸ್ಡನ್, ನಡುವೆ ಹಳ್ಳಿಗಳು, ಚರ್ಚುಗಳು, ಹೊಲಗಳು. ಸಮುದ್ರ ಈ ನಡುವೆ ಸುಮ್ಮನೆ ಕೂತಿರಲಿಲ್ಲ. 1287ರ ಡಿಸೆಂಬರ್‌ನಲ್ಲಿ ಸಂತ ಲೂಸಿಯಾ ಹಬ್ಬದ ಪ್ರವಾಹ ಉತ್ತರದಲ್ಲಿ ಹತ್ತಾರು ಸಾವಿರ ಜನರನ್ನ ಕೊಂದಿತು. 1362ರ ಜನವರಿಯ ಬಿರುಗಾಳಿಗೆ ಜರ್ಮನ್ ಕರಾವಳಿಯ ರುಂಗ್‌ಹೋಲ್ಟ್ ಅನ್ನೋ ಊರೇ ಇಲ್ಲವಾಯ್ತು. 1370ರ ದಶಕದಲ್ಲಿ ಪಕ್ಕದ ರೀಡರ್‌ವಾರ್ಡ್ ಹೋಯ್ತು. 1404ರಲ್ಲಿ ಫ್ಲಾಂಡರ್ಸ್, ಝೀಲ್ಯಾಂಡ್ ಕಡೆ ದೊಡ್ಡ ಪ್ರವಾಹ. ಇಷ್ಟೆಲ್ಲ ಆದಾಗಲೂ ಗ್ರೋಟೆ ವಾರ್ಡ್ ಉಳಿದಿತ್ತು. ಮೆದು ಮಣ್ಣಿನ ಮೇಲೆ ಕೂತ ಒಡ್ಡನ್ನ ಅಷ್ಟು ಕಾಲ ನಿಲ್ಲಿಸಿದ್ದು ಏನು ಹೇಳು?

ತಮ್ಮ: ದುರಸ್ತಿ. ವರ್ಷಾವರ್ಷ ಮಣ್ಣು ಹಾಕಬೇಕು, ಹುಲ್ಲು ಕಟ್ಟಬೇಕು, ಇಲಿ ಬಿಲ ಮುಚ್ಚಬೇಕು, ಚಳಿಗಾಲಕ್ಕೆ ಮೊದಲು ನಡೆದು ನೋಡಬೇಕು.

ಅಕ್ಕ: ಯಾರು ಹಾಕಬೇಕು? ಯಾರು ನಡೆದು ನೋಡಬೇಕು? ನಾನು ಹೇಳೋಕೆ ಹೊರಟಿದ್ದು ಅಲ್ಲಿಂದ ಶುರು. ಹಾಲೆಂಡಿನ ಜನ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ನನಗೆ ಅವರ ಕೆಥೆಡ್ರಲ್‌ಗಳಿಗಿಂತ ದೊಡ್ಡದು ಅನ್ಸುತ್ತೆ. ಹೊಲ ಇದ್ದವನಿಗೆ ಹೊಲಕ್ಕೆ ತಕ್ಕಷ್ಟು ಉದ್ದದ ಒಡ್ಡು ಗೊತ್ತುಮಾಡಿರ್ತಿದ್ದರು. ಅಷ್ಟು ಅವನ ಹೊಣೆ. ಒಡ್ಡಿನ ಮೇಲ್ವಿಚಾರಣೆಗೆ ಕೌಂಟ್ ಕಡೆಯಿಂದ ಡೈಕ್‌ಗ್ರಾಫ್ ಅನ್ನೋ ಅಧಿಕಾರಿ, ಊರವರ ಕಡೆಯಿಂದ ಹೇಮ್‌ರಾಡೆನ್ ಅನ್ನೋ ಪಂಚರು. ರೈನ್‌ಲ್ಯಾಂಡಿನ ಪಂಚರಿಗೆ 1255ರಲ್ಲೇ ಸನ್ನದು ಸಿಕ್ಕಿತ್ತು. ಆ ಸಂಸ್ಥೆ ಇವತ್ತಿಗೂ ಕೆಲಸ ಮಾಡ್ತಿದೆ. ಇವರು ಒಡ್ಡಿನ ಮೇಲೆ ನಡೆದು ತಪಾಸಣೆ ಮಾಡ್ತಿದ್ದರು. ನಿನ್ನ ಪಾಲಿನ ಒಡ್ಡು ಕುಸಿದಿದ್ದರೆ ದಂಡ. ಆಗಲೂ ಮಾಡದಿದ್ದರೆ ಅವರೇ ಮಾಡಿಸಿ ಹೆಚ್ಚಿನ ಖರ್ಚು ನಿನ್ನಿಂದ ವಸೂಲು. ನಿನ್ನ ಕೈಲಿ ಆಗೋದೇ ಇಲ್ಲ ಅಂದರೆ ಒಡ್ಡಿನಲ್ಲಿ ನಿನ್ನ ಗುದ್ದಲಿ ನೆಟ್ಟು ಊರು ಬಿಡಬೇಕು. ಆ ಗುದ್ದಲಿ ಕಿತ್ತವನಿಗೆ ನಿನ್ನ ಹೊಲ, ಅದರ ಜೊತೆಗೆ ನಿನ್ನ ಪಾಲಿನ ಒಡ್ಡು.

ತಮ್ಮ: ತುಂಬ ಕಠಿಣ.

ಅಕ್ಕ: ಕಠಿಣ ಹೌದು. ಆದರೆ ಒಬ್ಬ ಸೋಮಾರಿಯಾದರೆ ಎಲ್ಲರ ಮನೆಗೂ ನೀರು ನುಗ್ಗುತ್ತೆ ಅನ್ನೋದನ್ನ ತಿಳಿದವರು ಮಾಡಿದ ನಿಯಮ ಅದು. ಅದು ನಡೆಯಬೇಕಾದರೆ ಒಂದು ಬೇಕೇ ಬೇಕು: ತಪಾಸಣೆಗೆ ಬಂದವನ ಮಾತನ್ನ ಎರಡೂ ದಡದವರು ಕೇಳಬೇಕು. ಡೈಕ್‌ಗ್ರಾಫ್ ಬಂದು ದಂಡ ಹಾಕಿದರೆ, ನೀನು ಆ ಪಕ್ಷದವನು, ನಿನಗೆ ಯಾಕೆ ಕೊಡಲಿ ಅನ್ನಬಾರದು. 1417ರ ನಂತರ ಇದೇ ಇಲ್ಲವಾಯ್ತು.

ತಮ್ಮ: ಆ ಜಗಳದ ಕಥೆ ಬೇಗ ಹೇಳಿಬಿಡು. ಒಂದೇ ಹೆಸರಿನ ದೊರೆಗಳು ನಾಲ್ಕು ಜನ ಬಂದರೆ ನನಗೆ ಗೊಂದಲ.

ಅಕ್ಕ: ಬೇರು ಹಳೆಯದು. 1345ರಲ್ಲಿ ಕೌಂಟ್ ನಾಲ್ಕನೇ ವಿಲಿಯಂ ಫ್ರಿಸಿಯನ್ನರ ಮೇಲೆ ದಂಡೆತ್ತಿ ಹೋಗಿ ಮಕ್ಕಳಿಲ್ಲದೆ ಸತ್ತ. ಅವನ ಸಹೋದರಿ ಮಾರ್ಗರೆಟ್‌ಗೆ ಪಟ್ಟವೋ ಅವಳ ಮಗನಿಗೋ ಅಂತ ತಾಯಿ ಮಗನ ನಡುವೆ ಶುರುವಾದ ಜಗಳಕ್ಕೆ ಊರಿನವರೂ ಸೇರಿಕೊಂಡು 1350ರ ಹೊತ್ತಿಗೆ ಎರಡು ಪಕ್ಷ ಆದವು, ಹೂಕ್ ಮತ್ತು ಕಾಬೆಲ್ಯಾವ್. ಗಾಳದವರು, ಕಾಡ್ ಮೀನಿನವರು ಅಂತ ಇಟ್ಟುಕೋ. ಮೂಲ ಜಗಳ ಮುಗಿದ ಮೇಲೂ ಪಕ್ಷ ಉಳಿದವು. ಮನೆತನ, ವ್ಯಾಪಾರ, ಊರಿನ ಅಧಿಕಾರ ಎಲ್ಲ ಅದರ ಮೇಲೆ ನಿಂತಿತು. 1417ರ ಮೇನಲ್ಲಿ ಆರನೇ ವಿಲಿಯಂ ಸತ್ತ. ಮಗಳು ಯಾಕೋಬಾಗೆ ಹದಿನಾರೂ ತುಂಬಿರಲಿಲ್ಲ, ಆಗಲೇ ವಿಧವೆ. ಫ್ರಾನ್ಸಿನ ಯುವರಾಜನಾಗಿದ್ದ ಗಂಡ ಅದಕ್ಕೆ ಸುಮಾರು ಎರಡು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದ. ಲಿಯೇಜ್ ಬಿಷಪ್ ಪದವಿಯಲ್ಲಿದ್ದ ಚಿಕ್ಕಪ್ಪ ಬವೇರಿಯಾದ ಜಾನ್ ಪಟ್ಟ ತನಗೆ ಬೇಕು ಅಂತ ನಿಂತ. ಹೂಕ್‌ಗಳು ಅವಳ ಕಡೆ, ಕಾಬೆಲ್ಯಾವ್‌ಗಳು ಅವನ ಕಡೆ. ಡೋರ್ಡ್ರೆಕ್ಟ್ ಜಾನನಿಗೆ ಬಾಗಿಲು ತೆರೆಯಿತು. ಗ್ರೋಟೆ ವಾರ್ಡಿನ ದಕ್ಷಿಣದ ಅಂಚಿನ ಹೇರ್‌ಟ್ರಾಯ್ಡನ್‌ಬರ್ಗ್ ಹೂಕ್‌ಗಳ ಕಡೆ ವಾಲಿತ್ತು. ಒಂದೇ ಒಡ್ಡಿನ ಆವರಣದ ಸುತ್ತ ಎರಡು ಪಾಳೆಯ! ಎತ್ತು ಏರಿಗೆ ಕೋಣ ನೀರಿಗೆ ಅಂತ ನಮ್ಮವರು ಅನ್ನೋದು ಇಲ್ಲಿ ಅಕ್ಷರಶಃ ನಿಜವಾಯ್ತು. 1418ರ ಬೇಸಿಗೆಯಲ್ಲಿ ಯಾಕೋಬಾ ಮತ್ತು ಅವಳ ಎರಡನೇ ಗಂಡ, ಬ್ರಬಾಂಟಿನ ಡ್ಯೂಕ್, ಡೋರ್ಡ್ರೆಕ್ಟಿಗೆ ಮುತ್ತಿಗೆ ಹಾಕಿ ಸೋತು ಹಿಂತಿರುಗಿದರು. 1420ರಲ್ಲಿ ಆ ಗಂಡನೇ ಹಾಲೆಂಡನ್ನೂ ಝೀಲ್ಯಾಂಡನ್ನೂ ಹನ್ನೆರಡು ವರ್ಷಕ್ಕೆ ಜಾನನಿಗೆ ಒತ್ತೆ ಇಟ್ಟ. 1421ರ ವಸಂತದಲ್ಲಿ ಯಾಕೋಬಾ ಇಂಗ್ಲೆಂಡಿಗೆ ಓಡಿಹೋದಳು. ಆ ವರ್ಷದ ನವೆಂಬರ್‌ನಲ್ಲಿ ಬಿರುಗಾಳಿ ಬಂತು.

ತಮ್ಮ: ಸರಿ, ಬಿರುಗಾಳಿ ಬಂತು. ಆ ರಾತ್ರಿ ಆದದ್ದನ್ನ ನಾನು ಹೇಳ್ತೀನಿ ಕೇಳು. ವಾಯವ್ಯದ ಗಾಳಿ ಉತ್ತರ ಸಮುದ್ರದ ನೀರನ್ನ ನದೀಮುಖಗಳೊಳಗೆ ತಳ್ಳಿತು. ಡೋರ್ಡ್ರೆಕ್ಟಿನ ದಕ್ಷಿಣಕ್ಕೆ, ವೀಲ್‌ಡ್ರೆಕ್ಟ್ ಕಡೆ, ಒಡ್ಡು ಒಡೆಯಿತು. ಅದು ಉಪ್ಪುನೀರಿನ ಕಡೆಯ ಬಾಯಿ. ಅದರ ಬೆನ್ನಲ್ಲೇ ಪೂರ್ವಕ್ಕೆ ವೆರ್ಕೆಂಡಾಮ್ ಹತ್ತಿರ ಮೆರ್ವೇಡೆ ನದಿ ಕಡೆಯ ಒಡ್ಡೂ ಹೋಯ್ತು. ಈಗ ನೋಡು, ಒಂದು ಕಡೆ ನದಿ ಒಳಗೆ ಬರುತ್ತೆ, ಇನ್ನೊಂದು ಕಡೆ ಸಮುದ್ರ. ಮಧ್ಯೆ ತಗ್ಗು ನೆಲ. ಎರಡಕ್ಕೂ ದಾರಿ ಸಿಕ್ಕಿಬಿಟ್ಟಿತು. ಆ ಕಾಲದ ಗುದ್ದಲಿ, ಬುಟ್ಟಿ, ದೋಣಿಗಳಿಂದ ಆ ಎರಡು ಬಾಯಿ ಮುಚ್ಚೋದು ಯಾವ ಒಗ್ಗಟ್ಟಿನಿಂದಲೂ ಆಗ್ತಿರಲಿಲ್ಲ ಅನ್ನೋದು ನನ್ನ ವಾದ.

ಅಕ್ಕ: ಮಾರನೇ ದಿನವೂ ಆಗ್ತಿರಲಿಲ್ಲವಾ?

ತಮ್ಮ: ಮಾರನೇ ದಿನ ಚಳಿಗಾಲ. ಆದರೆ ಮುಂದಿನ ಬೇಸಿಗೆಯಲ್ಲಿ... ನಿಲ್ಲು, ಯೋಚನೆ ಮಾಡ್ತೀನಿ. ಒಡ್ಡು ಒಡೆದ ಜಾಗದಲ್ಲಿ ದಿನಕ್ಕೆ ಎರಡು ಸಲ ಉಬ್ಬರದ ನೀರು ಒಳಗೆ ಬರುತ್ತೆ, ಎರಡು ಸಲ ಹೊರಗೆ ಹೋಗುತ್ತೆ. ಒಳಗಿನ ನೆಲ ಎಷ್ಟು ತಗ್ಗೋ ಅಷ್ಟು ಹೆಚ್ಚು ನೀರು ಆ ಬಾಯಿಯಲ್ಲಿ ಓಡಾಡುತ್ತೆ. ಒಂದೊಂದು ಸಲ ಓಡಾಡಿದಾಗಲೂ ತಳ ಕೊರೆಯುತ್ತೆ. ಗಟ್ಟಿ ಜೇಡಿ ಆಗಿದ್ದರೆ ನಿಧಾನ, ಪೀಟ್ ಆದರೆ ಬೇಗ. ಬಾಯಿ ಆಳ ಆದಷ್ಟೂ ಇನ್ನೂ ಹೆಚ್ಚು ನೀರು ಬರುತ್ತೆ, ಹೆಚ್ಚು ನೀರು ಬಂದಷ್ಟೂ ಇನ್ನೂ ಆಳ. ಮೊದಲ ಬೇಸಿಗೆಯಲ್ಲಿ ಕಷ್ಟಪಟ್ಟು ಮುಚ್ಚಬಹುದಾದ ಬಾಯಿ ಮೂರನೇ ಬೇಸಿಗೆ ಹೊತ್ತಿಗೆ ಹಡಗು ಹೋಗೋ ಕಾಲುವೆ ಆಗಿರುತ್ತೆ.

ಅಕ್ಕ: ಹಾಗಾದರೆ ಎಲ್ಲ ನಿಂತದ್ದು ಯಾವಾಗ ಮುಚ್ಚಿದರು ಅನ್ನೋದರ ಮೇಲೆ.

ತಮ್ಮ: ಹೌದು. ತಡ ಆದಷ್ಟೂ ಕೆಲಸದ ಗಾತ್ರವೇ ಬೆಳೆಯುತ್ತೆ. ಅದು ಲೆಕ್ಕ.

ಅಕ್ಕ: ನನ್ನ ವಾದಕ್ಕೆ ಬೇಕಾಗಿದ್ದ ಲೆಕ್ಕ ನೀನೇ ಕೊಟ್ಟೆ ನೋಡು. ಒಡ್ಡು ಒಡೆದದ್ದು ಯುದ್ಧದಿಂದ ಅಂತ ನಾನು ಹಟ ಹಿಡಿಯೋಲ್ಲ. ಯುದ್ಧಕ್ಕೆ ದುಡ್ಡು ಹೋಯ್ತು, ತಪಾಸಣೆ ಸಡಿಲವಾಯ್ತು, ಒಡ್ಡು ಬಡಕಲಾಯ್ತು, ಅದು ಒಂದು ಪಾಲು. ಆದರೆ ಒಡೆದ ಮೇಲಿನ ಮೂರು ವರ್ಷ ಯಾರ ಕೈಲಿತ್ತು ಅನ್ನೋದು ನನ್ನನ್ನ ಕಾಡೋ ಪ್ರಶ್ನೆ. ಹಳ್ಳಿಗಳು ಆ ಒಂದೇ ರಾತ್ರಿಯಲ್ಲಿ ಮಾಯವಾಗಲಿಲ್ಲ. 72 ಹಳ್ಳಿ, ಒಂದು ಲಕ್ಷ ಸಾವು ಅಂತ ಹಳೆಯ ಕಥನಗಳು ಹೇಳ್ತಾವೆ. ಈಗಿನ ಇತಿಹಾಸಕಾರರ ಅಂದಾಜಿನಲ್ಲಿ ಸತ್ತವರು ಸುಮಾರು 2,000, ಹೆಚ್ಚೆಂದರೆ 10,000. ಮುಳುಗಿದ ಹಳ್ಳಿಗಳೂ ಅಷ್ಟಿರಲಿಲ್ಲ. ನೀರು ಬಂದ ಮೇಲೂ ಎತ್ತರದ ಜಾಗಗಳಲ್ಲಿ ಜನ ಉಳಿದಿದ್ದರು, ಕಾದರು, ಒಡ್ಡು ಮತ್ತೆ ಎದ್ದೀತು ಅಂತ. ದುರಸ್ತಿಗೆ ಕೈ ಹಾಕಿದ್ದೂ ಉಂಟು. 1424ರ ನವೆಂಬರ್‌ನಲ್ಲಿ, 1421ರ ಪ್ರವಾಹ ಬಂದಿದ್ದ ಅದೇ ಸಂತ ಎಲಿಜಬೆತ್ ಹಬ್ಬದ ಸುಮಾರಿಗೆ, ಮತ್ತೊಂದು ಬಿರುಗಾಳಿ ಬಂದು ಆಗಿದ್ದಷ್ಟು ಕೆಲಸವನ್ನೂ ತೊಳೆದುಕೊಂಡು ಹೋಯ್ತು. ಅದಾದ ಒಂದೂವರೆ ತಿಂಗಳಿಗೆ, 1425ರ ಜನವರಿಯಲ್ಲಿ, ಜಾನ್ ಸತ್ತ. ವಿಷ ಹಾಕಿದರು ಅಂತ ಸುದ್ದಿ. ಯುದ್ಧ ಮತ್ತೆ ಹೊತ್ತಿಕೊಂಡಿತು, ಈ ಸಲ ಯಾಕೋಬಾಗೆ ಎದುರಾಗಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಬಂದ. 1428ರ ಡೆಲ್ಫ್ಟ್ ಒಪ್ಪಂದದವರೆಗೆ ಆ ಸೀಮೆಗೆ ಎಲ್ಲರೂ ಒಪ್ಪೋ ಒಡೆಯ ಇರಲಿಲ್ಲ. ನಿನ್ನ ಲೆಕ್ಕದ ಪ್ರಕಾರ ಒಂದೊಂದು ಬೇಸಿಗೆಗೂ ಬೆಲೆ ಇದ್ದ ಕಾಲ ಅದು.

ತಮ್ಮ: ಒಂದು ಮಾತು. ಮೆರ್ವೇಡೆ ನದಿಯ ಉತ್ತರದಲ್ಲಿ ಆಲ್ಬ್ಲಾಸರ್‌ವಾರ್ಡ್ ಇದೆ. ಅದೂ 1421ರಲ್ಲೇ ಮುಳುಗಿತು. ಅದನ್ನ ಮತ್ತೆ ಒಣಗಿಸಿದರು. ಅಲ್ಲೂ ಅದೇ ಯುದ್ಧ, ಅದೇ ಪಕ್ಷಗಳು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಅಲ್ಲಿ ಉಬ್ಬರದ ಎಳೆತ ಅಷ್ಟಿರಲಿಲ್ಲ, ಹಿಂದೆ ತೆರೆದ ಸಮುದ್ರದ ಕಡೆಯ ಬಾಯಿ ಇರಲಿಲ್ಲ. ಮಣ್ಣಿನ ಪಾಲನ್ನ ನೀನು ಕಡಿಮೆ ಮಾಡಬೇಡ.

ಅಕ್ಕ: ಮಾಡಲ್ಲ. ಅದು ಗಟ್ಟಿಯಾದ ಮಾತು. ಯುದ್ಧ ಇಲ್ಲದಿದ್ದರೆ ಗ್ರೋಟೆ ವಾರ್ಡ್ ಖಂಡಿತ ಉಳೀತಿತ್ತು ಅಂತ ನಾನು ಬರೆಯೋಲ್ಲ. ಆದರೆ ಆಲ್ಬ್ಲಾಸರ್‌ವಾರ್ಡಿನಲ್ಲಿ ಮನುಷ್ಯರ ಜಗಳವನ್ನ ತಡೆದುಕೊಳ್ಳೋಷ್ಟು ಬಿಡುವು ನೆಲಕ್ಕಿತ್ತು. ಗ್ರೋಟೆ ವಾರ್ಡಿಗೆ ಅದು ಇರಲಿಲ್ಲ. ಎಲ್ಲಿ ನೆಲಕ್ಕೆ ಬಿಡುವಿಲ್ಲವೋ ಅಲ್ಲಿ ಒಪ್ಪಂದ ಬೇಗ ಆಗಬೇಕಿತ್ತು, ಅಲ್ಲೇ ಎರಡು ಪಾಳೆಯ ಬೀಡುಬಿಟ್ಟಿದ್ದವು. ನನಗೆ ಸಂಕಟ ಆಗೋದು ಅದಕ್ಕೆ.

ತಮ್ಮ: ಇನ್ನೂ ಒಂದು. ಆ ಗುದ್ದಲಿ ನಿಯಮ ನಿನಗೆ ಅಷ್ಟು ಇಷ್ಟ ಆಯ್ತಲ್ಲ. ಒಬ್ಬ ನೆಟ್ಟ ಗುದ್ದಲಿಯನ್ನ ಇನ್ನೊಬ್ಬ ಕೀಳ್ತಾನೆ ಅನ್ನೋ ನಂಬಿಕೆ ಮೇಲೆ ಅದು ನಿಂತಿದೆ. ಹೊಲ ನೀರಡಿ ಹೋದ ಮೇಲೆ ಯಾರು ಕೀಳ್ತಾರೆ? ಒಡ್ಡು ಕಟ್ಟೋ ಖರ್ಚು ಹೊಲದ ಬೆಲೆಗಿಂತ ಹೆಚ್ಚಾದ ದಿನ ಆ ಇಡೀ ವ್ಯವಸ್ಥೆ ಕೈ ಚೆಲ್ಲುತ್ತೆ. ಒಕ್ಕಲು ದಿವಾಳಿ, ಮಠ ದಿವಾಳಿ. ಆಗ ಹೊರಗಿನಿಂದ ದುಡ್ಡು ಬರಬೇಕು. ಡೋರ್ಡ್ರೆಕ್ಟ್ ಕೊಡಬಹುದಿತ್ತು. ಆ ಊರಿನಲ್ಲಿ ದುಡ್ಡಿತ್ತು.

ಅಕ್ಕ: 1299ರಿಂದ ಡೋರ್ಡ್ರೆಕ್ಟಿಗೆ ಒಂದು ವಿಶೇಷ ಹಕ್ಕಿತ್ತು. ನದಿಯಲ್ಲಿ ಬರೋ ಸರಕನ್ನ ಅಲ್ಲೇ ಇಳಿಸಬೇಕು, ಅಲ್ಲೇ ಮಾರಾಟಕ್ಕಿಡಬೇಕು. ರೈನ್ ಕಡೆಯ ವೈನ್, ಮರ, ಧಾನ್ಯ. ಪಟ್ಟಣದ ಹೊಟ್ಟೆ ತುಂಬುತ್ತಿದ್ದದ್ದು ದಕ್ಕೆಯಿಂದ, ಹಿಂದಿನ ಹೊಲಗಳಿಂದ ಅಲ್ಲ. ಪ್ರವಾಹದಲ್ಲಿ ಪಟ್ಟಣ ಉಳಿಯಿತು. ಸುತ್ತ ನೀರು ನಿಂತು ದ್ವೀಪ ಆಯ್ತು, ಅಷ್ಟೆ. ಹಳ್ಳಿಯವರಿಗೆ ಅದು ಎಲ್ಲವೂ ಆಗಿತ್ತು, ಪಟ್ಟಣದವರಿಗೆ ಅದು ಒಂದು ನಷ್ಟ ಆಗಿತ್ತು. ಮುಳುಗಿದ ಹೊಲದ ಮೇಲೆ ಸಾಲ್ಮನ್ ಮೀನು ಬರತೊಡಗಿದಾಗ ಮೀನು ಹಿಡಿಯೋ ಹಕ್ಕಿಗೂ ಬೆಲೆ ಬಂತು. ಹಾಗೆ ನೀರಿನಿಂದ ಲಾಭ ಪಡೆಯೋರು ಹುಟ್ಟಿಕೊಂಡ ಮೇಲೆ ನೆಲ ವಾಪಸ್ ಬರಲಿ ಅನ್ನೋರ ದನಿ ಇನ್ನೂ ಕ್ಷೀಣ ಆಗಿರಬೇಕು.

ತಮ್ಮ: ಆ ಹಳ್ಳಿಯವರು ಏನಾದರು?

ಅಕ್ಕ: ತುಂಬ ಜನ ಡೋರ್ಡ್ರೆಕ್ಟಿಗೇ ಹೋದರು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಒಂದು ಚಿತ್ರ ಇದೆ ಕಣೋ, 1490ರಿಂದ 1495ರ ನಡುವೆ ಬರೆದದ್ದು, ಡೋರ್ಡ್ರೆಕ್ಟಿನ ದೊಡ್ಡ ಚರ್ಚಿನ ಪೂಜಾವೇದಿಕೆಗೆ. ವೀಲ್‌ಡ್ರೆಕ್ಟಿನಿಂದ ಬಂದವರ ವಂಶದವರು ಅದನ್ನ ಮಾಡಿಸಿದರು. ಯೋಚನೆ ಮಾಡು, ಊರು ಹೋಗಿ ಎಪ್ಪತ್ತು ವರ್ಷ. ನೀರು ಬಂದದ್ದನ್ನ ಕಣ್ಣಾರೆ ಕಂಡವರು ಯಾರೂ ಉಳಿದಿರಲಿಕ್ಕಿಲ್ಲ. ಆದರೂ ನಾವು ವೀಲ್‌ಡ್ರೆಕ್ಟಿನವರು ಅಂತ ದುಡ್ಡು ಕೂಡಿಸಿ ಚಿತ್ರ ಬರೆಸಿದರು. ಚಿತ್ರದಲ್ಲಿ ಜನ ಗಂಟುಮೂಟೆ ಹೊತ್ತು ಪಟ್ಟಣದ ಬಾಗಿಲ ಕಡೆ ಬರ್ತಿದ್ದಾರೆ, ದೋಣಿಯಲ್ಲಿ ಸಾಮಾನು. ಹಳ್ಳಿ ಹಳ್ಳಿಯ ಹೆಸರನ್ನೂ ಚರ್ಚಿನ ಮೇಲೆ ಬರೆದಿದ್ದಾರೆ. ದೊರೆಗಳ ಯುದ್ಧದ ಸುಳಿವೇ ಅದರಲ್ಲಿಲ್ಲ. ಯಾವ ಪಕ್ಷ ಗೆದ್ದಿತು ಅನ್ನೋದು ಅವರಿಗೆ ಬೇಡವಾಗಿತ್ತು. ಅವರಿಗೆ ಬೇಕಾಗಿದ್ದದ್ದು ಊರುಗಳ ಹೆಸರು.

ತಮ್ಮ: ಆ ನೆಲ ಮತ್ತೆ ಬಂತಾ?

ಅಕ್ಕ: ಸ್ವಲ್ಪ ಸ್ವಲ್ಪ. ಡೋರ್ಡ್ರೆಕ್ಟ್ ಪಕ್ಕದ ಡಬಲ್‌ಡಾಮ್ ಪ್ರದೇಶಕ್ಕೆ ಮತ್ತೆ ಒಡ್ಡು ಹಾಕಿದ್ದು 1603ರಲ್ಲಿ, ನೂರ ಎಂಬತ್ತು ವರ್ಷದ ಮೇಲೆ. ನಡುವಿನದು ಬೀಸ್‌ಬಾಸ್ ಅನ್ನೋ ಜೊಂಡುಕಾಡಾಯ್ತು. ವಿಲೋ ಮರ, ಹಿನ್ನೀರು, ಹಕ್ಕಿ. ಈಗ ಅದು ರಾಷ್ಟ್ರೀಯ ಉದ್ಯಾನ.

ತಮ್ಮ: ಅಲ್ಲಿಯ ನೋರ್ಡ್‌ವಾರ್ಡ್ ಕೆಲಸದ ನಕ್ಷೆ ನಾನು ನೋಡಿದ್ದೀನಿ. 1995ರಲ್ಲಿ ನದಿಗಳು ಉಕ್ಕಿ ಎರಡೂವರೆ ಲಕ್ಷ ಜನರನ್ನ ಮನೆ ಬಿಡಿಸಬೇಕಾಯ್ತಲ್ಲ, ಅದಾದ ಮೇಲೆ ನದಿಗೆ ಜಾಗ ಬಿಟ್ಟುಕೊಡೋ ಯೋಜನೆ ಮಾಡಿದರು. ಬೀಸ್‌ಬಾಸ್ ಅಂಚಿನಲ್ಲಿ ಕಷ್ಟಪಟ್ಟು ವಾಪಸ್ ಪಡೆದ ನೋರ್ಡ್‌ವಾರ್ಡ್ ಅನ್ನೋ ಸುಮಾರು 4,450 ಹೆಕ್ಟೇರ್ ನೆಲದ ಒಡ್ಡನ್ನ ಅವರೇ ತಗ್ಗಿಸಿ, ಮೆರ್ವೇಡೆ ಉಕ್ಕಿದಾಗ ಅದರ ಮೇಲೆ ಹರಿಯೋ ಹಾಗೆ ಮಾಡಿದರು. 2015ಕ್ಕೆ ಮುಗೀತು. ಎಂಜಿನಿಯರಿಂಗ್ ಅಂದರೆ ಅದು. ನೆಲ ಎಷ್ಟು ತಗ್ಗು, ನೀರು ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ಎಲ್ಲಿ ಬಿಟ್ಟುಕೊಡಬೇಕು ಅಂತ ಮೊದಲೇ ತೀರ್ಮಾನ ಮಾಡೋದು.

ಅಕ್ಕ: ಲೆಕ್ಕದಿಂದಷ್ಟೇ ಆಗಲಿಲ್ಲ ಅದು. ಹೇರ್‌ಟ್ರಾಯ್ಡನ್‌ಬರ್ಗ್ ಹತ್ತಿರವೇ ಓವರ್‌ಡೀಪ್ಸೆ ಪೋಲ್ಡರ್ ಅಂತ ಒಡ್ಡಿನೊಳಗಿನ ತಗ್ಗು ನೆಲ ಇದೆ. ಅದೇ ಯೋಜನೆಯಲ್ಲಿ ಅಲ್ಲಿಯ ಹೈನು ರೈತರಿಗೂ ಜಾಗ ಬಿಡಿ ಅಂದರು. ಅವರು ಕೂತು ಮಾತಾಡಿ ತಾವೇ ಒಂದು ಯೋಜನೆ ಮುಂದಿಟ್ಟರು. ನೀರು ಬರಲಿ, ನಮ್ಮ ಮನೆ ಕೊಟ್ಟಿಗೆಗಳಿಗೆ ಒಡ್ಡಿನ ಪಕ್ಕ ಎತ್ತರದ ದಿಬ್ಬ ಕಟ್ಟಿಕೊಡಿ ಅಂತ. ಸರ್ಕಾರ ಒಪ್ಪಿತು. ಎಂಟು ದಿಬ್ಬ ಎದ್ದವು. ಆದರೆ ಅಲ್ಲಿ ಇದ್ದ ಮನೆಗಳು ಎಂಟಕ್ಕಿಂತ ಎಷ್ಟೋ ಹೆಚ್ಚು. ಎಲ್ಲರಿಗೂ ಉಳಿಯೋಕೆ ಆಗಲಿಲ್ಲ. ಯಾರು ಉಳೀಬೇಕು, ಯಾರು ಹೋಗಬೇಕು, ಹೋಗೋರಿಗೆ ಏನು ಸಿಗಬೇಕು ಅಂತ ಒಂದೇ ಮೇಜಿನ ಸುತ್ತ ವರ್ಷಗಟ್ಟಲೆ ಕೂತು ಇತ್ಯರ್ಥ ಮಾಡಿಕೊಂಡರು.

ತಮ್ಮ: ಹೋದವರು ಏನಂದರು ಅಂತ ಓದಬೇಕು ನಾನು. ಆ ಸಭೆಗಳ ನಡಾವಳಿ ಎಲ್ಲಾದರೂ ಸಿಕ್ಕರೆ ನನಗೆ ಕಳಿಸು. ನಕ್ಷೆ ನನ್ನ ಹತ್ತಿರ ಇದೆ, ಅದನ್ನ ನಾನು ನಿನಗೆ ಕಳಿಸ್ತೀನಿ.